ಬಿ.ಎಸ್ಸಿ ಮೊದಲ ವರ್ಷದವರಿಗೆ ಸೀನಿಯರ್ ಮೆಂಟರ್ ಆಗುವುದು ಹೇಗೆ?

ನಮ್ಮ ಡಿಗ್ರಿ ಕಾಲೇಜುಗಳಲ್ಲಿ ಬಿ.ಎಸ್ಸಿ ಮೊದಲ ಸೆಮಿಸ್ಟರ್ ಒಂಥರಾ ಬಸ್ ಸ್ಟ್ಯಾಂಡ್ ಇದ್ದ ಹಾಗೆ. ಒಬ್ಬರು ಸಿಇಟಿ ಕೌನ್ಸೆಲಿಂಗ್ ಮುಗಿಯಲಿ ಅಂತ ಕಾಯುತ್ತಾ ಕೂತಿರುತ್ತಾರೆ. ಇನ್ನೊಬ್ಬರು ನೀಟ್‌ನಲ್ಲಿ ಸೀಟು ಸಿಗದೆ ಬೇಜಾರಿನಲ್ಲಿ ಬಂದಿರುತ್ತಾರೆ. ಕ್ಲಾಸು ಶುರುವಾದ ಮೇಲೂ ಕೆಲವರು ಎಂಜಿನಿಯರಿಂಗ್ ಸೀಟು ಸಿಕ್ಕಿತು ಅಂತ ಟಿಸಿ ತಗೊಂಡು ಹೋಗುತ್ತಾರೆ, ಅದೇ ಹೊತ್ತಿಗೆ ಹೊಸಬರು ಬಂದು ಸೇರುತ್ತಾರೆ. ಫಿಸಿಕ್ಸೋ ಬಾಟನಿಯೋ ಇಷ್ಟ ಅಂತಲೇ ಬಂದವರೂ ಇರುತ್ತಾರೆ. ಆದರೆ ಅದನ್ನು ಹೇಳಿಕೊಳ್ಳೋಕೆ ಅವರಿಗೇ ಸಂಕೋಚ. ಸರ್ಕಾರಿ ಕಾಲೇಜಾದರೆ ಅತಿಥಿ ಉಪನ್ಯಾಸಕರ ನೇಮಕವೇ ತಡವಾಗಿ, ಕೆಲವು ವಿಷಯಗಳ ಪಾಠ ಸರಿಯಾಗಿ ಶುರುವಾಗುವ ಹೊತ್ತಿಗೆ ಮೊದಲ ಇಂಟರ್ನಲ್ಸ್ ಎದುರಿಗೆ ನಿಂತಿರುತ್ತದೆ.

ಈ ಗಲಿಬಿಲಿಯಲ್ಲಿ ಜೂನಿಯರ್‌ಗೆ ಜಾಸ್ತಿ ಉಪಯೋಗಕ್ಕೆ ಬರುವವರು ಎರಡನೇ ಅಥವಾ ಮೂರನೇ ವರ್ಷದ ಅಣ್ಣ-ಅಕ್ಕಂದಿರು. ಲೆಕ್ಚರರ್‌ಗೆ ವಿಷಯ ಚೆನ್ನಾಗಿ ಗೊತ್ತು. ಆದರೆ ಅದು ಗೊತ್ತಿಲ್ಲದಿದ್ದಾಗ ಹೇಗನಿಸುತ್ತಿತ್ತು ಅನ್ನೋದು ಅವರಿಗೆ ಮರೆತು ಎಷ್ಟೋ ವರ್ಷವಾಗಿರುತ್ತದೆ. ಹೋದ ವರ್ಷ ಎಲ್ಲಿ ಎಡವಿದೆ ಅನ್ನೋದು ನಿಮಗೆ ಇನ್ನೂ ನೆನಪಿದೆ. ನಿಮ್ಮ ಬಂಡವಾಳ ಅದೇ. ಈ ಕೆಲಸವನ್ನು ಟ್ಯೂಷನ್ ಮಾಡದೆ, ದೊಡ್ಡಸ್ತಿಕೆಯನ್ನೂ ಮಾಡದೆ ನಡೆಸುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಕರ್ನಾಟಕದ ಡಿಗ್ರಿ ಕಾಲೇಜುಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಮೊದಲು ಒಬ್ಬ ಲೆಕ್ಚರರ್‌ ಹತ್ತಿರ ಹೋಗಿ

ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. ಸೀನಿಯರ್‌ಗಳು ಜೂನಿಯರ್‌ಗಳನ್ನು ಕರೆದು ಖಾಲಿ ಕ್ಲಾಸ್‌ರೂಮಿನಲ್ಲಿ ಕೂರಿಸಿಕೊಂಡರೆ ನೋಡಿದವರಿಗೆ ಮೊದಲು ಬರುವ ಅನುಮಾನ ರ್‍ಯಾಗಿಂಗ್. ಯುಜಿಸಿಯ 2009ರ ರ್‍ಯಾಗಿಂಗ್ ತಡೆ ನಿಯಮಗಳು ತುಂಬಾ ಬಿಗಿಯಾಗಿವೆ, ಬಿಗಿಯಾಗಿಯೇ ಇರಬೇಕು. ಹಾಗಾಗಿ ಒಂದು ಪುಟದ ಅರ್ಜಿ ಬರೆಯಿರಿ: ಯಾರು, ಯಾವ ದಿನ, ಯಾವ ಜಾಗ, ಎಷ್ಟು ಹೊತ್ತು, ಯಾವ ಲೆಕ್ಚರರ್ ಜವಾಬ್ದಾರಿ. ಎಚ್‌ಒಡಿ ಸಹಿ ಹಾಕಿಸಿ, ಪ್ರಿನ್ಸಿಪಾಲರ ಆಫೀಸಿಗೆ ಒಂದು ಪ್ರತಿ ಕೊಡಿ. ಜಾಗ ಯಾವತ್ತೂ ಜನ ಓಡಾಡುವ ಕಡೆ ಇರಲಿ. ಲೈಬ್ರರಿಯ ಮೂಲೆ, ಬಾಗಿಲು ತೆಗೆದಿಟ್ಟ ಕ್ಲಾಸ್‌ರೂಮು, ಡಿಪಾರ್ಟ್‌ಮೆಂಟಿನ ವರಾಂಡ, ಯಾವುದಾದರೂ ಸರಿ. ಹಾಸ್ಟೆಲ್ ರೂಮು ಬೇಡವೇ ಬೇಡ.

ಒಪ್ಪಿಗೆ ಸಿಗುವುದು ಕಷ್ಟವೇನಲ್ಲ. ಕಾಲೇಜುಗಳ ಗುಣಮಟ್ಟ ನೋಡಿ ಗ್ರೇಡ್ ಕೊಡುವ ನ್ಯಾಕ್‌ನವರು ಮೆಂಟರ್-ಮೆಂಟಿ ವ್ಯವಸ್ಥೆ ಹೇಗಿದೆ ಅಂತ ಕೇಳುತ್ತಾರೆ, ಹಾಗಾಗಿ ಬಹುತೇಕ ಕಾಲೇಜುಗಳಲ್ಲಿ ಪ್ರತಿ ಲೆಕ್ಚರರ್ ಹೆಸರಿಗೆ ಇಷ್ಟು ವಿದ್ಯಾರ್ಥಿಗಳು ಅಂತ ಪಟ್ಟಿ ಆಗಲೇ ಇರುತ್ತದೆ. ಎಷ್ಟೋ ಕಡೆ ಅದು ಫೈಲಿನಲ್ಲೇ ಮಲಗಿರುತ್ತದೆ, ಆ ಮಾತು ಬೇರೆ. ಯುಜಿಸಿ 2019ರಲ್ಲಿ ತಂದ 'ದೀಕ್ಷಾರಂಭ' ಅನ್ನುವ ಮಾರ್ಗಸೂಚಿಯೂ ಹೊಸಬರಿಗೆ ಪರಿಚಯ ಕಾರ್ಯಕ್ರಮ ಮಾಡಿ, ಮೆಂಟರ್‌ಗಳನ್ನು ಕೊಡಿ ಅಂತಲೇ ಹೇಳುತ್ತದೆ. ಕಾಲೇಜಿನ ಐಕ್ಯೂಎಸಿ (ಒಳಗಿನ ಗುಣಮಟ್ಟದ ಸಮಿತಿ) ನೋಡಿಕೊಳ್ಳುವ ಲೆಕ್ಚರರ್ ಹತ್ತಿರ ಹೋಗಿ "ಸರ್, ಆ ಪಟ್ಟಿಗೆ ನಾವು ಕೈ ಜೋಡಿಸ್ತೀವಿ" ಅಂದರೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ.

ರ್‍ಯಾಂಕ್ ಬಂದವರನ್ನೇ ಹುಡುಕಬೇಡಿ

ಮೆಂಟರ್ ಅಂದ ಕೂಡಲೇ ಎಲ್ಲರೂ ಕ್ಲಾಸಿನ ಟಾಪರ್ ಕಡೆ ಬೆರಳು ತೋರಿಸುತ್ತಾರೆ. ನನಗೇನೋ ಇದು ಸರಿ ಅನಿಸುವುದಿಲ್ಲ. ಮೊದಲ ಸಲ ಓದಿದಾಗಲೇ ಅರ್ಥವಾದವರಿಗೆ, ಅರ್ಥವಾಗದವರ ತಲೆಯಲ್ಲಿ ಏನು ನಡೆಯುತ್ತಿದೆ ಅಂತ ಹಿಡಿಯುವುದು ಕಷ್ಟ. ಮೊದಲ ಸೆಮಿಸ್ಟರಿನಲ್ಲಿ ಮ್ಯಾಥ್ಸ್ ಬ್ಯಾಕ್ ಉಳಿಸಿಕೊಂಡು ಆಮೇಲೆ ಕ್ಲಿಯರ್ ಮಾಡಿದ ಹುಡುಗಿ, ಹಳ್ಳಿಯ ಕನ್ನಡ ಮೀಡಿಯಂ ಶಾಲೆಯಿಂದ ಬಂದು ಪಿಯುಸಿಯಲ್ಲಿ ಇಂಗ್ಲಿಷಿಗೆ ಒದ್ದಾಡಿ ಹೊರಬಂದ ಹುಡುಗ, ಇವರೇ ಒಳ್ಳೆಯ ಮೆಂಟರ್ ಆಗುತ್ತಾರೆ. ಟಾಪರ್‌ಗಳನ್ನು ದೂರ ಇಡಿ ಅಂತಲ್ಲ. ಮಾರ್ಕ್ಸ್ ಕಾರ್ಡ್ ನೋಡಿ ಆರಿಸಬೇಡಿ, ಅಷ್ಟೇ.

ಆರಿಸುವಾಗ ಒಂದೇ ಪ್ರಶ್ನೆ ಸಾಕು: "ವಾರಕ್ಕೊಂದು ಗಂಟೆ, ಸೆಮಿಸ್ಟರ್ ಪೂರ್ತಿ, ತಪ್ಪದೆ ಬರ್ತೀಯಾ?" ಫೆಸ್ಟು, ಎನ್ಎಸ್ಎಸ್ ಕ್ಯಾಂಪು ಅಂತ ಆಗಲೇ ಹತ್ತು ಕಡೆ ಹೆಸರು ಕೊಟ್ಟವರು ಉತ್ಸಾಹದಲ್ಲಿ ಹೂಂ ಅಂದು ಮೂರನೇ ವಾರಕ್ಕೆ ಮಾಯವಾಗುತ್ತಾರೆ. ಅದಕ್ಕೇ ಒಂದು ಗುಂಪಿಗೆ ಇಬ್ಬರು ಮೆಂಟರ್ ಇರಲಿ, ಒಬ್ಬರು ಬರದಿದ್ದರೂ ಗಂಟೆ ನಡೆಯುತ್ತದೆ. ಆ ಇಬ್ಬರಲ್ಲಿ ಒಬ್ಬಳಾದರೂ ಹುಡುಗಿ ಇದ್ದರೆ ಹೊಸದಾಗಿ ಬಂದ ಹೆಣ್ಣುಮಕ್ಕಳು ಸಲೀಸಾಗಿ ಬಾಯಿ ಬಿಡುತ್ತಾರೆ. ಜೂನಿಯರ್‌ಗಳು ಆರರಿಂದ ಎಂಟು ಜನ. ಅದಕ್ಕಿಂತ ಜಾಸ್ತಿಯಾದರೆ ಅದು ಇನ್ನೊಂದು ಕ್ಲಾಸಾಗಿಬಿಡುತ್ತದೆ.

ಹುಡುಗರನ್ನಲ್ಲ, ವಿಷಯವನ್ನು ಆರಿಸಿ

ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಕ್ಯಾನ್ಸಸ್ ಸಿಟಿ ಕ್ಯಾಂಪಸ್‌ನಲ್ಲಿ 1973ರಲ್ಲಿ ಡಿಯಾನಾ ಮಾರ್ಟಿನ್ ಅನ್ನುವವರು 'ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್' ಅಂತ ಒಂದು ಪದ್ಧತಿ ಶುರು ಮಾಡಿದರು. ಆಮೇಲೆ ಅದು ಬೇರೆ ಬೇರೆ ಹೆಸರಿನಲ್ಲಿ ಬ್ರಿಟನ್, ಆಸ್ಟ್ರೇಲಿಯಾದ ವಿಶ್ವವಿದ್ಯಾಲಯಗಳಿಗೂ ಹೋಯಿತು. ಅವರ ಯೋಚನೆ ಸರಳ. ಯಾವ ಹುಡುಗ ದಡ್ಡ ಅಂತ ಹುಡುಕಬೇಡಿ, ಯಾವ ಪೇಪರಿನಲ್ಲಿ ಜಾಸ್ತಿ ಜನ ಫೇಲಾಗುತ್ತಾರೆ ಅಂತ ಹುಡುಕಿ. ಆ ಪೇಪರಿಗೆ ಸೀನಿಯರ್ ಜೊತೆಗಿನ ಗಂಟೆ ಇಡಿ, ಬರುವವರೆಲ್ಲ ಬರಲಿ.

ನಮ್ಮಲ್ಲಿ ಇದರ ಉಲ್ಟಾ ನಡೆಯುತ್ತದೆ. 'ನಿಧಾನ ಕಲಿಕೆಯವರು' ಅಂತ ಪಟ್ಟಿ ಮಾಡಿ ನೋಟಿಸ್ ಬೋರ್ಡಿಗೆ ಹಚ್ಚುತ್ತಾರೆ. ಆ ಪಟ್ಟಿಯಲ್ಲಿ ಹೆಸರು ಬಂದ ಹುಡುಗ ಮೆಂಟರ್ ಇರಲಿ, ಕ್ಲಾಸಿನ ಕಡೆಗೇ ತಲೆ ಹಾಕಲ್ಲ. ಹಾಗಾಗಿ ನಿಮ್ಮ ನೋಟಿಸು ಹೀಗಿರಲಿ: "ಮೊದಲ ಸೆಮಿಸ್ಟರ್ ಮ್ಯಾಥ್ಸ್, ಪ್ರತಿ ಬುಧವಾರ ಮೂರೂವರೆಗೆ, ಲೈಬ್ರರಿ, ಯಾರು ಬೇಕಾದರೂ ಬನ್ನಿ." ಯಾವ ಪೇಪರು ಕಷ್ಟ ಅಂತ ತಿಳಿಯೋಕೆ ಸರ್ವೇ ಬೇಕಾಗಿಲ್ಲ. ನಿಮ್ಮ ಬ್ಯಾಚಿನಲ್ಲಿ ಯಾವುದರಲ್ಲಿ ಬ್ಯಾಕ್ ಜಾಸ್ತಿ ಉಳಿಯಿತು ಅಂತ ನಿಮಗೇ ಗೊತ್ತು ಅಲ್ವಾ?

ಸಮಯ ಇಡುವ ಮುಂಚೆ ಊರಿನ ಬಸ್ಸು ಎಷ್ಟೊತ್ತಿಗೆ ಅಂತ ಕೇಳಿ. ಸಂಜೆ ನಾಲ್ಕೂವರೆಯ ಬಸ್ಸು ತಪ್ಪಿದರೆ ಮುಂದಿನದು ಆರೂವರೆಗೆ ಅನ್ನುವ ಹುಡುಗಿಗೆ ನೀವು ನಾಲ್ಕು ಗಂಟೆಗೆ ಕ್ಲಾಸಿಟ್ಟರೆ ಏನು ಪ್ರಯೋಜನ?

ಇನ್ನೊಂದು ಎಚ್ಚರಿಕೆ. ನಿಮ್ಮ ಹಳೇ ನೋಟ್ಸನ್ನು ಹಾಗೇ ಕೊಟ್ಟುಬಿಡಬೇಡಿ. ರಾಜ್ಯದಲ್ಲಿ 2021-22ರಲ್ಲಿ ಎನ್ಇಪಿ ಸಿಲಬಸ್ ಬಂತು, 2024-25ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ವಾಪಸಾದರು. ಪೇಪರ್‌ಗಳ ಹೆಸರು, ಯೂನಿಟ್‌ಗಳ ಜಾಗ ಎಲ್ಲ ಅದಲು ಬದಲಾಗಿದೆ. ವಿಶ್ವವಿದ್ಯಾಲಯದ ವೆಬ್‌ಸೈಟಿನಿಂದ ಈ ವರ್ಷದ ಸಿಲಬಸ್ ಇಳಿಸಿಕೊಂಡು, ಪ್ರಿಂಟ್ ಹಾಕಿಸಿ ಎದುರಿಗಿಟ್ಟುಕೊಳ್ಳಿ.

ಮೊದಲ ಭೇಟಿ

ಚಿಕ್ಕದಾಗಿ ಮುಗಿಸಿ. ಹೆಸರು, ಊರು, ಕಾಂಬಿನೇಷನ್ನು ಕೇಳಿ. ಪಿಯುಸಿ ಪರ್ಸೆಂಟೇಜ್ ಕೇಳಬೇಡಿ, ನೀಟ್ ರ್‍ಯಾಂಕ್ ಅಂತೂ ಕೇಳಲೇಬೇಡಿ. ಹಾಡು ಹೇಳು, ಡ್ಯಾನ್ಸ್ ಮಾಡು ಅನ್ನುವ 'ಇಂಟ್ರೊ' ಬೇಡ. ತಮಾಷೆಗೆ ಅಂದುಕೊಂಡರೂ ಅದು ರ್‍ಯಾಗಿಂಗ್ ಲೆಕ್ಕಕ್ಕೇ ಬರುತ್ತದೆ. ಅವರು ನಿಮ್ಮನ್ನು ಅಣ್ಣ, ಅಕ್ಕ ಅನ್ನಲಿ, ಹೆಸರು ಹಿಡಿದು ಕರೆದರೂ ಕರೆಯಲಿ. ಸರ್, ಮೇಡಂ ಅಂದರೆ ಮಾತ್ರ ಅಲ್ಲೇ ನಿಲ್ಲಿಸಿ. ಒಂದು ಸಲ ನೀವು ಸರ್ ಆದರೆ ಮುಂದೆ ಯಾರೂ ನಿಮ್ಮ ಹತ್ತಿರ "ಗೊತ್ತಾಗ್ಲಿಲ್ಲ" ಅನ್ನುವುದಿಲ್ಲ.

ಆಮೇಲೆ ಲೈಬ್ರರಿ ಕಾರ್ಡ್ ಎಲ್ಲಿ ಕೊಡುತ್ತಾರೆ, ಲ್ಯಾಬಿಗೆ ಯಾವ ಅಬ್ಸರ್ವೇಶನ್ ಬುಕ್ಕು, ಹೆಣ್ಣುಮಕ್ಕಳ ಟಾಯ್ಲೆಟ್ ಯಾವ ಕಡೆ, ಆಫೀಸಿನಲ್ಲಿ ಯಾವ ಕೌಂಟರಿಗೆ ಹೋಗಬೇಕು, ಇಷ್ಟನ್ನು ನಡೆದಾಡಿಕೊಂಡೇ ತೋರಿಸಿ. ಕ್ಲಾಸಿನಲ್ಲಿ ಯಾರೂ ಹೇಳದ ವಿಷಯಗಳಿವು.

ವಾರದ ಒಂದು ಗಂಟೆ

ಎಲ್ಲಕ್ಕಿಂತ ಕಷ್ಟದ ಭಾಗ ಇದು. ಯಾಕಂದರೆ ಗೊತ್ತಿರುವ ಉತ್ತರವನ್ನು ಬಾಯೊಳಗೇ ಇಟ್ಟುಕೊಂಡು ಕೂರಬೇಕು.

ಒಂದು ಉದಾಹರಣೆ ನೋಡಿ. ಫಿಸಿಕ್ಸ್ ಲ್ಯಾಬಿನಲ್ಲಿ ಯಂಗ್ಸ್ ಮಾಡ್ಯುಲಸ್ (ವಸ್ತು ಎಷ್ಟು ಗಡುಸು ಅನ್ನುವ ಅಳತೆ) ಪ್ರಯೋಗ. ಪಟ್ಟಿಗೆ ತೂಕ ಹಾಕುತ್ತಾ ಅದು ಎಷ್ಟು ಬಾಗಿತು ಅಂತ ಟ್ರಾವೆಲಿಂಗ್ ಮೈಕ್ರೋಸ್ಕೋಪಿನಲ್ಲಿ ಓದಬೇಕು. ಮೈನ್ ಸ್ಕೇಲ್ ರೀಡಿಂಗ್ 5.45 ಸೆಂ.ಮೀ., ವರ್ನಿಯರಿನ 23ನೇ ಗೆರೆ ಕೂಡಿದೆ. ಜೂನಿಯರ್ ಹುಡುಗಿ 5.45ಕ್ಕೆ 0.23 ಸೇರಿಸಿ 5.68 ಅಂತ ಬರೆದುಕೊಂಡು ಬಂದಿದ್ದಾಳೆ. "ಅಕ್ಕ, ಉತ್ತರ ಬುಕ್ಕಿನ ವ್ಯಾಲ್ಯೂಗೆ ಹತ್ತಿರಾನೂ ಬರ್ತಿಲ್ಲ."

"ಲೀಸ್ಟ್ ಕೌಂಟ್ 0.001, ಅದರಿಂದ ಗುಣಿಸು" ಅಂದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಮುಂದಿನ ಪ್ರಯೋಗದಲ್ಲಿ ಸ್ಕ್ರೂ ಗೇಜ್ ಹಿಡಿದಾಗ ಮತ್ತೆ ಅದೇ ಕಥೆ. ಹಾಗೆ ಹೇಳುವ ಬದಲು ಕೇಳಿ:

"ಮೈನ್ ಸ್ಕೇಲಿನಲ್ಲಿ ಒಂದು ಚಿಕ್ಕ ಮನೆ ಎಷ್ಟು?"

"0.05 ಸೆಂಟಿಮೀಟರ್."

"ವರ್ನಿಯರ್ ಯಾಕೆ ಇಟ್ಟಿದ್ದಾರೆ?"

"ಆ ಮನೆಯ ಒಳಗಡೆ ಎಷ್ಟಿದೆ ಅಂತ ಓದೋಕೆ."

"ಹಾಗಾದ್ರೆ ವರ್ನಿಯರಿಂದ ಬಂದಿದ್ದು ಒಂದು ಮನೆಗಿಂತ ದೊಡ್ಡದಿರೋಕೆ ಆಗುತ್ತಾ?"

ಇಲ್ಲಿ ಸುಮ್ಮನಾಗಿ. ಅವಳು 0.23 ನೋಡುತ್ತಾಳೆ, 0.05 ನೋಡುತ್ತಾಳೆ. ಸ್ವಲ್ಪ ಹೊತ್ತು ಹಿಡಿಯಬಹುದು. ಪಕ್ಕದಲ್ಲಿ ಕೂತವನು ಉತ್ತರ ಹೇಳೋಕೆ ಬಾಯಿ ತೆಗೆದರೆ ಕೈ ಸನ್ನೆ ಮಾಡಿ ನಿಲ್ಲಿಸಿ. 50 ಗೆರೆ ಸೇರಿ ಒಂದು ಮನೆ, ಹಾಗಾದರೆ ಒಂದು ಗೆರೆಗೆ 0.001, 23ಕ್ಕೆ 0.023, ಒಟ್ಟು 5.473 ಅಂತ ಅವಳೇ ಬರೆದರೆ ಇನ್ನು ಯಾವ ವರ್ನಿಯರೂ ಅವಳಿಗೆ ಮೋಸ ಮಾಡುವುದಿಲ್ಲ. ಅದೇ ಉಸಿರಿನಲ್ಲಿ ಇನ್ನೊಂದು ಕೇಳಬಹುದು: ಪಟ್ಟಿಯ ಉದ್ದ ಸ್ಕೇಲಿನಲ್ಲಿ ಅಳೆದ್ವಿ, ದಪ್ಪಕ್ಕೆ ಮಾತ್ರ ಸ್ಕ್ರೂ ಗೇಜ್ ಯಾಕೆ? ಸೂತ್ರದಲ್ಲಿ ದಪ್ಪದ ಘನ ಇದೆ, ಅಳತೆ ನೂರಕ್ಕೆ ಒಂದು ಭಾಗ ತಪ್ಪಿದರೆ ಉತ್ತರ ಸುಮಾರು ಮೂರು ಭಾಗ ತಪ್ಪುತ್ತದೆ. ಜೊತೆಗೆ ದಪ್ಪ ಇರುವುದೇ ಕೆಲವು ಮಿಲಿಮೀಟರ್. ವೈವಾದಲ್ಲಿ ಕೇಳುವಂಥ ಪ್ರಶ್ನೆಯೂ ಹೌದು.

ಮ್ಯಾಥ್ಸಾದರೆ ಬೋರ್ಡಿನ ಚಾಕ್ ಜೂನಿಯರ್ ಕೈಯಲ್ಲೇ ಇರಲಿ. ಮ್ಯಾಟ್ರಿಕ್ಸಿನ ರ್‍ಯಾಂಕ್ ಕಂಡುಹಿಡಿಯುವ ಲೆಕ್ಕ ಒಬ್ಬಳು ಶುರು ಮಾಡಲಿ, ಎರಡು ಸ್ಟೆಪ್ ಆದ ಮೇಲೆ ಇನ್ನೊಬ್ಬ ಮುಂದುವರಿಸಲಿ. ಮುಂದಿನ ಸ್ಟೆಪ್ ಯಾಕೆ ಹೀಗೆ ಅಂತ ಬಾಯಲ್ಲಿ ಹೇಳಿಯೇ ಬರೆಯಬೇಕು ಅನ್ನುವ ಒಂದೇ ನಿಯಮ. ಬಾಟನಿ, ಜುವಾಲಜಿಗೆ ಸ್ಪಾಟರ್‌ಗಳನ್ನು (ಲ್ಯಾಬಿನಲ್ಲಿ ಎದುರಿಗಿಡುವ ಮಾದರಿಗಳನ್ನು) ಗುರುತಿಸುವ ಆಟ ಚೆನ್ನಾಗಿ ನಡೆಯುತ್ತದೆ. ಹೆಸರು ಹೇಳಿದರೆ ಸಾಲದು, ಯಾವ ಗುರುತಿನಿಂದ ಗೊತ್ತಾಯಿತು ಅಂತಲೂ ಹೇಳಬೇಕು.

ನಿಮಗೇ ಉತ್ತರ ಗೊತ್ತಿಲ್ಲದಿದ್ದರೆ? ಗೊತ್ತಿಲ್ಲ ಅನ್ನಿ. ಎಲ್ಲರೂ ಸೇರಿ ಪುಸ್ತಕ ತೆಗೆದು ಹುಡುಕಿ, ಸಿಗದಿದ್ದರೆ ಲೆಕ್ಚರರ್ ಹತ್ತಿರ ಒಟ್ಟಿಗೆ ಹೋಗಿ. ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತು "ಒಳಗೆ ಬರಬಹುದಾ ಸರ್" ಅನ್ನೋಕೇ ಹೆದರುವ ಹುಡುಗರಿಗೆ ಆ ನಾಲ್ಕು ಹೆಜ್ಜೆ ನಿಮ್ಮ ಜೊತೆ ನಡೆದದ್ದೇ ದೊಡ್ಡ ಸಹಾಯ.

ರೆಕಾರ್ಡ್ ವಿಷಯ

ನಿಮ್ಮ ಹಳೇ ರೆಕಾರ್ಡ್ ಬುಕ್ ಕೇಳಿಕೊಂಡು ಬಂದೇ ಬರುತ್ತಾರೆ. ಬರೆಯುವ ವಿಧಾನ ತೋರಿಸಿ, ಬುಕ್ ಮನೆಗೆ ಕಳಿಸಬೇಡಿ. ಕಳಿಸಿದರೆ ನಿಮ್ಮ ರೀಡಿಂಗೇ ಇಡೀ ಬ್ಯಾಚಿನ ರೀಡಿಂಗ್ ಆಗುತ್ತದೆ. ಟೈಟ್ರೇಷನ್ನಿನಲ್ಲಿ ಮೂರು ಸಲವೂ 10.2 ಅಂತ ಬರೆದು ತರುವ ಹುಡುಗರಿಗೆ ಬೈಯಬೇಡಿ, ಪಿಯುಸಿಯಲ್ಲಿ ಅವರಿಗೆ ಹಾಗೇ ಅಭ್ಯಾಸವಾಗಿರಬಹುದು. ಬ್ಯೂರೆಟ್ಟಿನಲ್ಲಿ ದ್ರಾವಣದ ಕೆಳಗಿನ ಬಾಗು ಕಣ್ಣಿನ ಮಟ್ಟದಲ್ಲಿಟ್ಟು ಓದುವುದು ಹೇಗೆ, ಫಿನಾಲ್ಫ್ತಲೀನ್ ತಿಳಿ ಗುಲಾಬಿ ಆದ ಕೂಡಲೇ ನಿಲ್ಲಿಸದೆ ಇನ್ನೊಂದು ಹನಿ ಬಿಟ್ಟರೆ ಏನಾಗುತ್ತದೆ ಅಂತ ಒಂದು ಸಲ ಜೊತೆಗೆ ನಿಂತು ತೋರಿಸಿದರೆ ಸಾಕು. ವಾರದ ಪ್ರಯೋಗವನ್ನು ಆ ವಾರವೇ ಬರೆದು ಸಹಿ ಹಾಕಿಸಿಕೊಳ್ಳಿ ಅಂತ ಮಾತ್ರ ಬೆನ್ನು ಬಿಡದೆ ಹೇಳಿ. ಸೆಮಿಸ್ಟರ್ ಕೊನೆಯಲ್ಲಿ ರೆಕಾರ್ಡ್ ಸಹಿಗಾಗಿ ಲ್ಯಾಬ್ ಬಾಗಿಲಲ್ಲಿ ನಿಲ್ಲುವ ಕ್ಯೂ ನೀವೂ ನೋಡಿದ್ದೀರಲ್ಲ.

ಇಂಗ್ಲಿಷಿನ ತೊಡಕು

ಎರಡು ವರ್ಷ ಪಿಯುಸಿಯಲ್ಲಿ ಇಂಗ್ಲಿಷಿನಲ್ಲಿ ಓದಿ ಬಂದವರಿಗೆ ಇನ್ನೇನು ಕಷ್ಟ ಅಂತ ಅನಿಸಬಹುದು. ಆದರೆ ಪಿಯುಸಿಯ ಎರಡು ವರ್ಷದಲ್ಲಿ ಸಿಇಟಿ, ನೀಟ್ ಗುಂಗಿನಲ್ಲಿ ನಾಲ್ಕು ಉತ್ತರದಲ್ಲಿ ಒಂದಕ್ಕೆ ಗುರುತು ಹಾಕಿದ್ದೇ ಜಾಸ್ತಿ. ಡಿಗ್ರಿಯಲ್ಲಿ ಪುಟಗಟ್ಟಲೆ ಬರೆಯಬೇಕು. ವಿಷಯ ಗೊತ್ತಿದ್ದೂ ವಾಕ್ಯ ಕೂಡಿಸೋಕೆ ಬರದೆ ಮಾರ್ಕ್ಸ್ ಕಳೆದುಕೊಳ್ಳುವವರು ಎಲ್ಲ ಬ್ಯಾಚಿನಲ್ಲೂ ಇರುತ್ತಾರೆ.

ಚರ್ಚೆ ಕನ್ನಡದಲ್ಲೇ ನಡೆಯಲಿ, ಸಂಕೋಚ ಬೇಡ. ಮನೆಮಾತು ತುಳು, ಉರ್ದು, ತೆಲುಗು ಆಗಿದ್ದವರಿಗೆ ಆ ಭಾಷೆ ಬಲ್ಲ ಮೆಂಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಗಂಟೆಯ ಕೊನೆಯ ಹತ್ತು ನಿಮಿಷ ಮಾತ್ರ ಅವತ್ತು ಅರ್ಥವಾದದ್ದನ್ನು ಇಂಗ್ಲಿಷಿನಲ್ಲಿ ಐದು ಸಾಲು ಬರೆಯಲಿ, ಪುಸ್ತಕ ಮುಚ್ಚಿಟ್ಟು. ಸ್ಪೆಲ್ಲಿಂಗ್ ತಿದ್ದುವ ಅವಸರ ಬೇಡ. ವಾಕ್ಯದ ಅರ್ಥ ಸರಿಯಿದೆಯಾ, ಯೂನಿಟ್ ಬರೆದಿದ್ದಾರಾ, ಚಿತ್ರಕ್ಕೆ ಹೆಸರು ಗುರುತಿಸಿದ್ದಾರಾ, ಇಷ್ಟು ನೋಡಿ.

ಅರ್ಜಿ, ಸ್ಕಾಲರ್‌ಶಿಪ್, ಬಸ್ ಪಾಸ್

ಇದೂ ಮೆಂಟರ್ ಕೆಲಸವೇ. ಪಾಠದಲ್ಲಿ ಹಿಂದೆ ಬಿದ್ದವರಿಗಿಂತ ಅರ್ಜಿಯ ತಾರೀಖು ತಪ್ಪಿಸಿಕೊಂಡು ಒದ್ದಾಡುವವರು ಕೆಲವು ಸಲ ಜಾಸ್ತಿ ಇರುತ್ತಾರೆ. ವಿಶ್ವವಿದ್ಯಾಲಯಗಳ ಅಡ್ಮಿಷನ್, ಪರೀಕ್ಷೆ ಕೆಲಸ ನಡೆಯುವ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಲಾಗಿನ್ ಮಾಡುವುದು, ಪರೀಕ್ಷೆ ಅರ್ಜಿ ಎಲ್ಲಿ ಬರುತ್ತದೆ, ಅಟೆಂಡೆನ್ಸ್ 75ಕ್ಕಿಂತ ಕೆಳಗೆ ಇಳಿದರೆ ಏನಾಗುತ್ತದೆ ಅಂತ ಮೊದಲ ತಿಂಗಳಲ್ಲೇ ತಿಳಿಸಿ. ರಾಜ್ಯದ ಸ್ಕಾಲರ್‌ಶಿಪ್‌ಗೆ ಎಸ್ಎಸ್‌ಪಿ ಪೋರ್ಟಲ್. ಅಲ್ಲಿ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೇಳುತ್ತದೆ. ಅವಧಿ ಮುಗಿದ ಪತ್ರ ಇದ್ದರೆ ನಾಡಕಚೇರಿಗೆ ಈಗಲೇ ಹೋಗಿ ಬರಲಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲದೆ ದುಡ್ಡು ಬರದೇ ಹೋದ ಕಥೆಗಳು ಬೇಕಾದಷ್ಟಿವೆ, ಆದ್ದರಿಂದ ಅದನ್ನೂ ನೋಡಿಕೊಳ್ಳೋಕೆ ಹೇಳಿ. ಗಂಡುಮಕ್ಕಳಿಗೆ ಬಸ್ ಪಾಸ್ ಅರ್ಜಿ ಸೇವಾ ಸಿಂಧುವಿನಲ್ಲಿ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇದೆ, ಆಧಾರ್ ಕಾರ್ಡ್ ಜೊತೆಗಿದ್ದರೆ ಸಾಕು.

ಆದರೆ ಅವರ ಅರ್ಜಿ ನೀವು ತುಂಬಬೇಡಿ. ಪಾಸ್‌ವರ್ಡ್, ಒಟಿಪಿ ಕೇಳಬೇಡಿ, ಕೊಟ್ಟರೂ ತಗೋಬೇಡಿ. ಪಕ್ಕದಲ್ಲಿ ಕೂತು ಯಾವ ಬಟನ್ ಅಂತ ತೋರಿಸಿ, ಒತ್ತುವುದು ಅವರೇ.

ನಿಮ್ಮ ಕೈ ಮೀರಿದ್ದು

ಮೆಂಟರ್ ಅಂದರೆ ಸಾಲ ಕೊಡುವವರಲ್ಲ, ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತಲೇಬೇಕಾದವರೂ ಅಲ್ಲ. ಗ್ರೂಪಿನಲ್ಲಿ ರಾತ್ರಿ ಒಂಬತ್ತರ ಮೇಲೆ ಮೆಸೇಜ್ ಇಲ್ಲ ಅಂತ ಮೊದಲೇ ಹೇಳಿಬಿಡಿ. ವಾಟ್ಸಾಪ್ ಗ್ರೂಪಿಗೆ ಹೆಣ್ಣುಮಕ್ಕಳ ನಂಬರ್ ಸೇರಿಸುವ ಮುಂಚೆ ಕೇಳಿ. ನಂಬರ್ ಕೊಡೋಕೆ ಇಷ್ಟವಿಲ್ಲದವರಿಗೆ ಸುದ್ದಿ ಗೆಳತಿಯ ಮೂಲಕವೋ ನೋಟಿಸ್ ಬೋರ್ಡಿನಲ್ಲೋ ತಲುಪಲಿ. ಗುಂಪಿನ ಜೂನಿಯರ್ ಮೇಲೆ ಮನಸ್ಸಾಯಿತಾ? ಆಗಲಿ, ಆದರೆ ಆ ಗುಂಪಿನ ಮೆಂಟರ್ ಕೆಲಸ ಅವತ್ತೇ ಬೇರೆಯವರಿಗೆ ಬಿಟ್ಟುಕೊಡಿ.

ಕೆಲವು ಸಲ ಪಾಠ ಬಿಟ್ಟು ಬೇರೆ ಮಾತು ಬರುತ್ತದೆ. ಮನೆಯಲ್ಲಿ ಮದುವೆ ಮಾಡ್ತೀವಿ ಅಂತಿದ್ದಾರೆ, ಅಪ್ಪ ಫೀಸ್ ಕಟ್ಟಲ್ಲ ಅಂತಿದ್ದಾರೆ, ಓದೋಕೆ ಆಗ್ತಿಲ್ಲ, ನಿದ್ದೆ ಬರ್ತಿಲ್ಲ. ಕೇಳಿಸಿಕೊಳ್ಳಿ. "ಯಾರಿಗೂ ಹೇಳಲ್ಲ" ಅಂತ ಮಾತ್ರ ಆಣೆ ಮಾಡಬೇಡಿ. "ಇದು ನನ್ನೊಬ್ಬನ ಕೈಲಿ ಆಗಲ್ಲ, ಮೇಡಂ ಹತ್ತಿರ ಇಬ್ಬರೂ ಹೋಗೋಣ" ಅನ್ನಿ. ಬದುಕೋದೇ ಬೇಡ ಅನ್ನುವಂಥ ಮಾತು ಬಂದರೆ ಅದನ್ನು ತಮಾಷೆ ಅಂತ ತಳ್ಳಿಹಾಕಬೇಡಿ, ಒಬ್ಬರನ್ನೇ ಬಿಟ್ಟು ಹೋಗಲೂಬೇಡಿ. ಟೆಲಿ ಮಾನಸ್ ಸಹಾಯವಾಣಿ 14416, ಇಪ್ಪತ್ನಾಲ್ಕು ಗಂಟೆಯೂ ಇದೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ಅಲ್ಲೇ ಕೂತು ಜೊತೆಗೇ ಫೋನ್ ಮಾಡಿಸಿ, ಜವಾಬ್ದಾರಿಯ ಲೆಕ್ಚರರ್‌ಗೆ ಅವತ್ತೇ ತಿಳಿಸಿ. ರ್‍ಯಾಗಿಂಗ್ ದೂರಾದರೆ 1800-180-5522. ಎರಡೂ ನಂಬರನ್ನು ಮೊದಲ ಭೇಟಿಯಲ್ಲೇ ಎಲ್ಲರ ಫೋನಿನಲ್ಲಿ ಸೇವ್ ಮಾಡಿಸಿ.

ಬರುವವರು ಕಡಿಮೆಯಾದಾಗ

ಆಗುತ್ತಾರೆ. ಮೊದಲ ವಾರ ಎಂಟು ಜನ, ಇಂಟರ್ನಲ್ಸ್ ಮುಗಿದ ವಾರ ಇಬ್ಬರು. ಬಂದ ಇಬ್ಬರಿಗೆ ಪೂರ್ತಿ ಗಂಟೆ ಕೊಡಿ, ಬರದವರ ಬಗ್ಗೆ ಅವರ ಮುಂದೆ ಗೊಣಗಬೇಡಿ. ಆಮೇಲೆ ಕಾರಿಡಾರಿನಲ್ಲಿ ಸಿಕ್ಕಾಗ "ಯಾಕೆ ಬರ್ಲಿಲ್ಲ?" ಅನ್ನುವ ಬದಲು "ಈ ವಾರ ಲೈಬ್ನಿಟ್ಸ್ ಥಿಯರಮ್ ಲೆಕ್ಕ ಮಾಡ್ತೀವಿ, ಬರ್ತೀಯಾ?" ಅನ್ನಿ. ಏನು ಮಾಡುತ್ತೇವೆ ಅಂತ ಗೊತ್ತಿದ್ದರೆ ಬರುತ್ತಾರೆ. ಸುಮ್ನೆ 'ಮೆಂಟರಿಂಗ್ ಸೆಷನ್' ಅಂದರೆ ಯಾರಿಗೂ ಏನೂ ಅನಿಸುವುದಿಲ್ಲ. ನಿಮ್ಮದೇ ಪರೀಕ್ಷೆ ಹತ್ತಿರ ಬಂದಾಗ ಎರಡು ವಾರ ಮೊದಲೇ ಹೇಳಿ ನಿಲ್ಲಿಸಿ. ನೀವು ಓದದೆ ಕೂತು ಬೇರೆಯವರನ್ನು ಓದಿಸುವುದರಲ್ಲಿ ಅರ್ಥವಿಲ್ಲ.

ಲೆಕ್ಕ ಇಡುವುದು

ಒಂದು 100 ಪುಟದ ನೋಟ್‌ಬುಕ್ ಸಾಕು. ತಾರೀಖು, ಎಷ್ಟು ಜನ, ಯಾವ ವಿಷಯ, ಎಲ್ಲಿ ಸಿಕ್ಕಿಹಾಕಿಕೊಂಡರು. ಕೊನೆಯ ಕಾಲಂ ಮುಖ್ಯ. ಒಂದೇ ಜಾಗದಲ್ಲಿ ಎಲ್ಲರೂ ಸಿಕ್ಕಿಹಾಕಿಕೊಂಡಿದ್ದರೆ ಲೆಕ್ಚರರ್‌ಗೆ ತೋರಿಸಿ, ಅವರು ಕ್ಲಾಸಿನಲ್ಲಿ ಇನ್ನೊಂದು ಸಲ ಹೇಳಬಹುದು. ಮನೆಯ ವಿಷಯ, ಆರೋಗ್ಯದ ವಿಷಯ ಇದರಲ್ಲಿ ಬರೆಯಬಾರದು, ಈ ಪುಸ್ತಕ ಹತ್ತು ಜನರ ಕೈ ಸೇರುತ್ತದೆ.

ಮೆಂಟರ್‌ಗಳಿಗೆ ಏನು ಸಿಗುತ್ತದೆ ಅಂತ ಕೇಳುವವರಿದ್ದಾರೆ, ಕೇಳಿದ್ದರಲ್ಲಿ ತಪ್ಪಿಲ್ಲ. ಕಾಲೇಜಿನಿಂದ ಒಂದು ಸರ್ಟಿಫಿಕೇಟ್ ಕೊಡಿಸಿ, ಗಂಟೆಗಳ ಲೆಕ್ಕ ಸಮೇತ. ಬಿ.ಎಡ್ ಮಾಡುವವರಿಗೆ ಅನುಭವವೇ ಆಯಿತು. ಎಂ.ಎಸ್ಸಿಗೆ ಜ್ಯಾಮ್ (ಐಐಟಿಗಳ ಪ್ರವೇಶ ಪರೀಕ್ಷೆ) ಬರೆಯುವವರಿಗೆ ಮೊದಲ ವರ್ಷದ ಬೇಸಿಕ್ಸ್ ಹೇಗೂ ಮತ್ತೆ ಓದಬೇಕು, ಇಲ್ಲಿ ಪುಕ್ಕಟೆ ರಿವಿಷನ್ ಆಗುತ್ತದೆ.

ಎರಡನೇ ಸೆಮಿಸ್ಟರ್ ಮುಗಿಯುವ ಮುಂಚೆ ಗುಂಪಿನಲ್ಲಿ ಕೇಳಿ, ಮುಂದಿನ ವರ್ಷ ಯಾರು ಕೂರ್ತೀರಾ ಅಂತ. ವರ್ನಿಯರಿಗೆ ಒದ್ದಾಡಿದವಳು ಕೈ ಎತ್ತಿದರೆ ಅವಳ ಹೆಸರು ಮೊದಲು ಬರೆದುಕೊಳ್ಳಿ. ರಜೆಗೆ ಊರಿಗೆ ಹೊರಡುವ ಮುಂಚೆ ಆ ನೋಟ್‌ಬುಕ್ ಅವಳಿಗೆ ಕೊಡಿ, ಜವಾಬ್ದಾರಿಯ ಲೆಕ್ಚರರ್‌ಗೂ ಅವಳ ಪರಿಚಯ ಮಾಡಿಸಿ. ಜೂನಿನಲ್ಲಿ ಹೊಸ ಅರ್ಜಿ ಬರೆದುಕೊಂಡು ಎಚ್‌ಒಡಿ ಹತ್ತಿರ ಅವಳೇ ಹೋಗಲಿ.